ಗುರುವಾರ ವಾಸಿ, ಶುಕ್ರವಾರ ಕಾಯಿಲೆ

ಹಿಂದೂಪುರದ ಚಿತ್ತಸಂಜೀವಿನಿ ಸೇವಾ ಸಂಸ್ಥೆಗೆ ವಾಸಿಯಾದ ಒಬ್ಬ ಹುಚ್ಚ ತುರ್ತಾಗಿ ಬೇಕಾಗಿದ್ದ.

ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ ಅನ್ನಿ. ಹುಚ್ಚ ಎನ್ನುವ ಮಾತಿಗೆ ಆ ಆಫೀಸಿನಲ್ಲಿ ನಿಷೇಧ. ಕನ್ನಡ, ತೆಲುಗು ಎರಡರಲ್ಲೂ ಬೋರ್ಡು ಬರೆಸಿ ಬಾಗಿಲ ಮೇಲೆ ನೇತುಹಾಕಿದ್ದರು. ಸಂಸ್ಥೆಯನ್ನು ಹುಟ್ಟುಹಾಕಿದ ನಿರ್ದೇಶಕ ರೇಣುಕಾಪ್ರಸಾದರು ಸೋಮವಾರದ ಮೀಟಿಂಗಿನಲ್ಲಿ ಕೇಳಿದ್ದು ಬಹಳ ಮರ್ಯಾದೆಯಾಗಿಯೇ: "ಗುರುವಾರ ಮುಂಬೈಯಿಂದ ಡೋನರ್‌ಗಳು ಬರ್ತಿದಾರೆ. ಅಂಕಿ ಅಂಶ ಸಾಕು, ಈ ಸಲ ಒಬ್ಬ ಮನುಷ್ಯನ್ನ ತೋರಿಸಿ ಅಂದಿದ್ದಾರೆ. ಪೂರ್ತಿ ಚೇತರಿಸ್ಕೊಂಡಿರೋ ಒಬ್ಬ ಮನುಷ್ಯ. ಇದಾನೇನ್ರಮ್ಮಾ ನಮ್ಮ ಹತ್ರ ಅಂತೋನು ಒಬ್ಬನಾದ್ರೂ?"

ಎಂಟು ವರ್ಷದಿಂದ ನಡೆಯುತ್ತಿರುವ ಸಂಸ್ಥೆ. ವಾರ್ಷಿಕ ವರದಿಯ ಪ್ರಕಾರ ಅಲ್ಲಿ ಮುನ್ನೂರ ಹನ್ನೆರಡು ಮಂದಿ ಚೇತರಿಸಿಕೊಂಡಿದ್ದರು. ಆದರೂ ಒಬ್ಬನನ್ನು ಕೇಳಿದ್ದೇ ತಡ, ಮೀಟಿಂಗಿನಲ್ಲಿದ್ದವರೆಲ್ಲ ಟೀ ಲೋಟದ ತಳ ನೋಡತೊಡಗಿದರು. ಕೈ ಎತ್ತಿದವಳು ಭಾರ್ಗವಿ ಒಬ್ಬಳೇ. "ನಮ್ಮ ಮುನೆಪ್ಪಣ್ಣ ಇದಾನಲ್ಲ ಸಾರ್," ಎಂದಳು. ಆ 'ನಮ್ಮ'ದಲ್ಲಿ ಸ್ವಲ್ಪ ಜಂಬವೂ ಇತ್ತು, ಸುಳ್ಳೇಕೆ ಹೇಳಬೇಕು.

ಭಾರ್ಗವಿ ರೊದ್ದಂ ಕಡೆಯ ಬೇಸಾಯಗಾರರ ಮನೆಯ ಹುಡುಗಿ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಐದು ವರ್ಷದಿಂದ ಇಲ್ಲೇ ಇದ್ದಳು. ಅವಳ ಪಾಲಿಗೆ ಎಂಬತ್ತನಾಲ್ಕು ಮನೆಗಳು. ತಿಂಗಳಿಗೊಮ್ಮೆ ಪ್ರತಿ ಮನೆಗೂ ಸ್ಕೂಟಿ ಓಡಿಸಿಕೊಂಡು ಹೋಗಿ, ಮಾತ್ರೆ ನುಂಗಿದಿರಾ, ಸ್ನಾನ ಆಯಿತಾ, ನಿದ್ದೆ ಬರುತ್ತಾ, ಕೆಲಸಕ್ಕೆ ಹೋಗುತ್ತಿದ್ದೀರಾ, ಕಿವಿಯಲ್ಲಿ ಯಾರಾದರೂ ಮಾತಾಡುತ್ತಾರಾ ಎಂದು ಕೇಳಿ ಒಂದು ಹಸಿರು ಫಾರಂ ತುಂಬಬೇಕು. ಕೊನೆಯ ಪ್ರಶ್ನೆಗೆ 'ಇಲ್ಲ' ಎಂದು ಉತ್ತರ ಬಂದರೆ ಅಲ್ಲಿಗೆ ಕೆಲಸ ಮುಗಿಯಿತು. 'ಹೌದು' ಬಂದರೆ ನಾಲ್ಕು ಪುಟದ ಗುಲಾಬಿ ಫಾರಂ ಬೇರೆ ತುಂಬಬೇಕು: ಗಂಡು ಧ್ವನಿಯೋ ಹೆಣ್ಣು ಧ್ವನಿಯೋ, ದಿನಕ್ಕೆಷ್ಟು ಸಲ, ಏನನ್ನುತ್ತದೆ, ಇತ್ಯಾದಿ ಇತ್ಯಾದಿ. ಎಂಬತ್ತನಾಲ್ಕು ಮನೆ ಸುತ್ತುವವಳಿಗೆ ಗುಲಾಬಿ ಬಣ್ಣ ಕಂಡರೆ ತಲೆನೋವು ಬರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನು ಮುನೆಪ್ಪ. ಕಲ್ಯಾಣದುರ್ಗದ ಹತ್ತಿರದ ಊರಿನವನು, ವಯಸ್ಸು ನಲವತ್ತನಾಲ್ಕು. ಹನ್ನೆರಡು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕೆರೆ ಏರಿಯ ಮೇಲೆ ಕೂತು ಯಾರೊಂದಿಗೋ ಮಾತಿಗೆ ಮಾತು ಕೊಡತೊಡಗಿದ. ಎದುರಿಗೆ ಯಾರೂ ಇರಲಿಲ್ಲ. ಮನೆಯವರು ಮೊದಲು ಮಂತ್ರ ಹಾಕಿಸಿದರು, ಆಮೇಲೆ ಹೊಡೆದರು, ಕೊನೆಗೆ ಕೈಬಿಟ್ಟರು. ಕೈಬಿಡದೆ ಇದ್ದವಳು ಒಬ್ಬಳೇ, ದೊಡ್ಡಕ್ಕ ಶಿವಲಕ್ಷ್ಮಮ್ಮ. ಗಂಡ ಸತ್ತವಳು, ಮಕ್ಕಳಿಲ್ಲದವಳು. ತಮ್ಮನನ್ನು ಹಿಂದೂಪುರಕ್ಕೆ ಕರೆತಂದು ಒಂದು ಕೋಣೆ ಹಿಡಿದು, ಹುಣಸೆಹಣ್ಣಿನ ಮಂಡಿಯಲ್ಲಿ ಹಣ್ಣು ಕುಟ್ಟಿ ಬೀಜ ತೆಗೆಯುವ ಕೆಲಸಕ್ಕೆ ಸೇರಿದಳು. ಮೂರು ವರ್ಷದ ಹಿಂದೆ ಭಾರ್ಗವಿಯ ಕಣ್ಣಿಗೆ ಬಿದ್ದರು. ಡಾಕ್ಟರಿಗೆ ತೋರಿಸಿದ್ದಾಯಿತು, ಮಾತ್ರೆ ಶುರುವಾಯಿತು, ಏರಿಯ ಮೇಲಿನ ಮಾತುಕತೆ ನಿಂತಿತು. ಈಗ ಮುನೆಪ್ಪ ಅದೇ ಮಂಡಿಯಲ್ಲಿ ಗೋಣಿಚೀಲದ ಬಾಯಿ ಹೊಲಿಯುತ್ತಾನೆ, ಎದುರಿಗೆ ಬಂದವರಿಗೆ ಕೈಮುಗಿಯುತ್ತಾನೆ, ಮೂವತ್ತಾರು ತಿಂಗಳಿನಿಂದ ಹಸಿರು ಫಾರಂ ಬಿಟ್ಟು ಆಚೆ ಹೋಗಿಲ್ಲ. ಇದಕ್ಕಿಂತ ಚೇತರಿಕೆ ಇನ್ನೇನು ಬೇಕು?

ಮಂಗಳವಾರ ಬೆಳಿಗ್ಗೆ ಭಾರ್ಗವಿ ಈ ಶುಭಸಮಾಚಾರ ಹೊತ್ತುಕೊಂಡು ಅವರ ಕೋಣೆಗೆ ಹೋದಳು. ಶಿವಲಕ್ಷ್ಮಮ್ಮ ಕೇಳಿ, "ಗುರುವಾರ ಬತ್ತಾನೆ ಬುಡಮ್ಮ, ಅದ್ಕೇನಂತೆ. ಶುಕ್ರವಾರ ಮಾತ್ರ ಆಗಾಕಿಲ್ಲ. ಕಲ್ಯಾಣದುರ್ಗದಾಗೆ ಅಂಗವಿಕಲ್ರ ಪಿಂಚಣಿ ಸರ್ಟಿಫಿಕೇಟ್ ಕ್ಯಾಂಪ್ ಐತೆ," ಎಂದಳು.

ಆಧಾರು, ರೇಷನ್ನು ಎಲ್ಲ ಇನ್ನೂ ಹುಟ್ಟೂರಿನಲ್ಲೇ ಇದ್ದವು. ನಡುವೆ ಜಿಲ್ಲೆ ಬೇರೆ ಎರಡಾಗಿ, ಹಿಂದೂಪುರ ಒಂದು ಕಡೆ, ಕಲ್ಯಾಣದುರ್ಗ ಇನ್ನೊಂದು ಕಡೆ ಹೋಗಿತ್ತು. ಹಾಗಾಗಿ ಮುನೆಪ್ಪನ ತಲೆ ಕೆಟ್ಟಿದೆಯೋ ಇಲ್ಲವೋ ಎಂದು ಬರೆದುಕೊಡುವ ಅಧಿಕಾರ ಕಲ್ಯಾಣದುರ್ಗದ್ದು. ಅದು ಸರಿ. ಆದರೆ ಭಾರ್ಗವಿಯ ಕಣ್ಣು ಗೋಡೆಯ ಗೂಡಿನ ಕಡೆ ಹೋಯಿತು. ಮಾತ್ರೆಯ ಹಾಳೆಗಳು ಒಂದೂ ಒಡೆಯದೆ ಹಾಗೇ ಇದ್ದವು.

"ಇದೇನು ದೊಡ್ಡಮ್ಮ, ಮಾತ್ರೆ ಕೊಡ್ತಿಲ್ವಾ?"

"ಎಂಟು ದಿನ ಆಯ್ತು ಕಣಮ್ಮ ನಿಲ್ಸಿ," ಎಂದಳು ಶಿವಲಕ್ಷ್ಮಮ್ಮ, ಹಾಲಿನವನನ್ನು ನಿಲ್ಲಿಸಿದಷ್ಟು ಸಲೀಸಾಗಿ. "ದುರ್ಗದಾಗೆ ಈಶ್ವರ ಅಂತ, ಜೆರಾಕ್ಸ್ ಅಂಗಡಿಯೋನು, ಅವ್ನೇ ಹೇಳ್ದ. ಹೋದ್ಸಲ ನಮ್ಮೂರ ಪೋಲಮ್ಮ ಮಗನ್ಗೆ ಸ್ನಾನ ಮಾಡ್ಸಿ, ತಲೆ ಬಾಚಿ, ಇಬೂತಿ ಇಕ್ಕಿ ಕರ್ಕಂಡೋಗಿದ್ಲಂತೆ. ಡಾಕ್ಟ್ರು ಮೂರು ಮಾತು ಕೇಳಿ, 'ಬಾಗುನ್ನಾಡಮ್ಮಾ, ಇಂಟಿಕಿ ತೀಸ್ಕೆಳ್ಳು', ಚೆನ್ನಾಗವ್ನೆ ಮನೆಗ್ ಕರ್ಕಂಡೋಗು ಅಂದ್ಬುಟ್ರಂತೆ. ಮಾತ್ರೆ ಬುಟ್ಟು, ಗಡ್ಡ ಬುಟ್ಟು ಕರ್ಕಂಬನ್ನಿ, ಕಣ್ಣು ಮುಚ್ಕಂಡು ಪಾಸು ಮಾಡ್ತಾರೆ ಅಂದ."

ಈ ಪರೀಕ್ಷೆಯ ರೀತಿಯೇ ಹಾಗೆ. ನೂರಕ್ಕೆ ನಲವತ್ತು ಬಂದರೆ ಪಾಸು ಎನ್ನುವುದು ಸ್ಕೂಲಿನ ಹಾಗೇ, ಆದರೆ ಇಲ್ಲಿ ನಲವತ್ತು ಬರಬೇಕಾದ್ದು ಕಾಯಿಲೆಗೆ. ಮೂವತ್ತೊಂಬತ್ತಾದರೆ ನೀವು ಆರೋಗ್ಯವಂತರು, ಎದ್ದು ಹೋಗಿ. ತಿಂಗಳುಗಟ್ಟಲೆ ಕಷ್ಟಪಟ್ಟು ಮಾತ್ರೆ ನುಂಗಿದವನನ್ನು ಫೇಲು ಮಾಡಿ, ಸೋಮಾರಿಯಾಗಿ ಬಿದ್ದುಕೊಂಡವನಿಗೆ ಫಸ್ಟ್ ಕ್ಲಾಸು ಕೊಡುವ ಪರೀಕ್ಷೆ ಎಂದು ಊರವರು ಅದನ್ನು ಅರ್ಥಮಾಡಿಕೊಂಡಿದ್ದರು. ಯಾರೂ ಅವರಿಗೆ ಬೇರೆ ಅರ್ಥ ಹೇಳಿರಲಿಲ್ಲ.

ಭಾರ್ಗವಿಗೆ ಸಿಟ್ಟು ನೆತ್ತಿಗೇರಿತು. "ಮತ್ತೆ ಮೊದಲಿನ ಹಾಗಾದ್ರೆ ಏನು ಮಾಡ್ತೀರಾ? ಮೂರು ವರ್ಷದ ಶ್ರಮ ದೊಡ್ಡಮ್ಮ!"

"ನಿಂದು ಮೂರು ವರ್ಷ ಕಣಮ್ಮ. ನಂದು ಹನ್ನೆರಡು," ಎಂದಳು ಶಿವಲಕ್ಷ್ಮಮ್ಮ. "ನಂಗೆ ಅರವತ್ಮೂರು ಆಯ್ತು. ಕಾಲು ಊದ್ಕಂತಾವೆ, ನಡೆದ್ರೆ ಉಸ್ರು ಕಟ್ತೈತೆ. ನಾನಿರೋಗಂಟ ಸರಿ. ನಾನೋದ್ಮೇಲೆ ಇವ್ನ್ಗೆ ಯಾರವ್ರೆ ಹೇಳು? ಪಿಂಚಣಿ ಅಂತ ಒಂದ್ ಇದ್ರೆ ಅದ್ರಾಸೆಗಾದ್ರೂ ಯಾರೋ ಒಬ್ರು ಜಗಲಿ ಮೇಲೆ ಮನಿಕ್ಕಳಾಕೆ ಬುಟ್ಟು, ಒಂದು ಮುದ್ದೆ ಹಾಕ್ತಾರೆ. ಬರೇ ಕೈಯಾಗೆ ಹೋದೋನ್ನ ನಾಯಿಗಿಂತ ಕಡೆ ನೋಡ್ತಾರೆ ಕಣಮ್ಮ. ನಾನ್ ನೋಡಿದೀನಿ."

ಭಾರ್ಗವಿ ಬಾಗಿಲಾಚೆ ಬಂದು ರೇಣುಕಾಪ್ರಸಾದರಿಗೆ ಫೋನ್ ಮಾಡಿದಳು. ಅವರು ಪೂರ್ತಿ ಕೇಳಿಸಿಕೊಂಡು ಕುಣಿದಾಡುವಷ್ಟು ಖುಷಿಪಟ್ಟರು.

"ಭಲೇ ಚಾನ್ಸು! ಗುರುವಾರ ವಾಸಿ, ಶುಕ್ರವಾರ ಕಾಯಿಲೆ. ಒಂದು ರಿಕವರಿ, ಇನ್ನೊಂದು ಸರ್ಕಾರಿ ಸೌಲಭ್ಯ ಕೊಡ್ಸಿದ್ದು. ಒಂದೇ ಕೇಸಲ್ಲಿ ಎರಡು ಔಟ್‌ಕಮ್ ಭಾರ್ಗವಿ! ನೀನೇ ಜೊತೇಲಿ ಹೋಗು."

"ಸಾರ್, ಮಾತ್ರೆ ನಿಲ್ಲಿಸಿಬಿಟ್ಟಿದಾರೆ."

"ಇನ್ನೆರಡು ದಿನಕ್ಕೆ ಏನಾಗುತ್ತಮ್ಮ? ಶೇವಿಂಗ್ ಮಾತ್ರ ಮರೀಬೇಡ."

ಆ ಶೇವಿಂಗಿನಿಂದಲೇ ರಂಪವಾಯಿತು. ಭಾರ್ಗವಿ ಗಡ್ಡ ತೆಗೆಸಬೇಕೆಂದಳು. ಗುರುವಾರ ತೆಗೆಸಿದ ಗಡ್ಡವನ್ನು ಶುಕ್ರವಾರಕ್ಕೆ ಯಾವ ಅಂಗಡಿಯಿಂದ ತರಲಿ ಎಂದು ಶಿವಲಕ್ಷ್ಮಮ್ಮ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ಕೊನೆಗೆ ಕತ್ತರಿ ತಂದು ಗಡ್ಡವನ್ನು ಅರ್ಧ ಮಾಡುವುದೆಂದು ರಾಜಿಯಾಯಿತು. ಡೋನರುಗಳಿಗೆ ಅದು ಫ್ಯಾಷನ್ನಾಗಿ ಕಾಣಬೇಕು, ಡಾಕ್ಟರಿಗೆ ದಿಕ್ಕುಗೆಟ್ಟವನಂತೆ ಕಾಣಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಷ್ಟೆಲ್ಲ ಆಗುವಾಗ ಗಡ್ಡದ ಒಡೆಯ ಗೋಡೆಗೊರಗಿ ಕೂತಿದ್ದವನು, "ಯಾವ್ ದಿನ ಹೆಂಗಿರ್ಬೇಕು ಅಂತ ಒಂದು ಚೀಟಿಯಾಗೆ ಬರ್ಕೊಟ್ಬುಡ್ರಮ್ಮ, ನಂಗೆ ಗ್ಯಾಪ್ಕ ಇರಾಕಿಲ್ಲ," ಎಂದ. ಇಬ್ಬರೂ ಹೆಂಗಸರು ನಕ್ಕುಬಿಟ್ಟರು.

ಭಾರ್ಗವಿ ಒಂದು ಮಾತ್ರೆ ಬಿಚ್ಚಿ ತನ್ನ ಕಣ್ಣೆದುರಿಗೇ ನುಂಗಿಸಿದಳು. ದಿನವೂ ಕೊಡುತ್ತೇನೆಂದು ಶಿವಲಕ್ಷ್ಮಮ್ಮನ ಬಾಯಲ್ಲಿ ಹೇಳಿಸಿದಳು. ಹೇಳಿದಳು, ಕೊಡಲಿಲ್ಲ. ಕೊಡುವುದಿಲ್ಲವೆಂದು ಭಾರ್ಗವಿಗೂ ಒಳಗೊಳಗೇ ಗೊತ್ತಿತ್ತು. ಡಾಕ್ಟರಿಗೆ ಒಂದು ಫೋನು ಹಚ್ಚಬಹುದಾಗಿತ್ತು. ಗುರುವಾರ ಮುಗಿಯಲಿ ಎಂದುಕೊಂಡಳು.

ಗುರುವಾರ ಆಫೀಸಿನ ಹಾಲಿನಲ್ಲಿ ಹೂವು, ಬ್ಯಾನರು, ಮೈಕು. ಮುಂಬೈಯಿಂದ ಮೂವರು ಬಂದಿದ್ದರು. ರೇಣುಕಾಪ್ರಸಾದರು ಮುನೆಪ್ಪನಿಗೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದ್ದರು. ಇಸ್ತ್ರಿ ಶರ್ಟಿನಲ್ಲಿ ನೆಟ್ಟಗೆ ನಿಂತು, ಸ್ವಾತಂತ್ರ್ಯ ದಿನದ ಭಾಷಣ ಮಾಡುವ ಸ್ಕೂಲು ಮಗುವಿನ ಹಾಗೆ ಅವನು ಶುರುಮಾಡಿದ.

"ನನ್ನ ಹೆಸರು ಮುನೆಪ್ಪ. ಮೊದಲು ನಾನು ಕತ್ತಲೆಯಲ್ಲಿದ್ದೆ. ಈಗ ನನ್ನ ಬಾಳು ನನ್ನ ಕೈಯಲ್ಲಿದೆ."

ಅಲ್ಲಿ ನಿಂತುಬಿಟ್ಟ. ಕುತ್ತಿಗೆ ಒಂದಿಷ್ಟು ಎಡಕ್ಕೆ ವಾಲಿತು. ಯಾರೋ ಪಕ್ಕದಿಂದ ಕರೆದರೆ ತಿರುಗುತ್ತೇವಲ್ಲ, ಹಾಗೆ. ಅವನ ಕಣ್ಣು ಸಭೆಯಲ್ಲೆಲ್ಲ ಹುಡುಕಾಡಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಮೇಲೆ ನಿಂತಿತು. ಇದೇನೆಂದು ಭಾರ್ಗವಿಗೆ ಚೆನ್ನಾಗಿ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಳು, ಎಷ್ಟೋ ಮನೆಗಳಲ್ಲಿ ನೋಡಿದ್ದಳು. ಆದರೆ ಅಷ್ಟರಲ್ಲಿ ಮುನೆಪ್ಪ ಸುಧಾರಿಸಿಕೊಂಡು ಕೊನೆಯ ವಾಕ್ಯ ಒಪ್ಪಿಸಿಯೇಬಿಟ್ಟ: "ನನಗೆ ಯಾವ ಧ್ವನಿಯೂ ಕೇಳಿಸುವುದಿಲ್ಲ."

ಚಪ್ಪಾಳೆಯೋ ಚಪ್ಪಾಳೆ! ಮುಂಬೈಯ ಹೆಂಗಸು ಕರವಸ್ತ್ರದಿಂದ ಕಣ್ಣೊರೆಸಿಕೊಂಡಳು. ಮಾತಿನ ನಡುವೆ ಅವನು ನಿಂತದ್ದು ಭಾವುಕನಾಗಿ ಎಂದು ಅವಳು ತಿಳಿದಿದ್ದಳು. ಶಾಲು ಹೊದಿಸಿದರು, ಫೋಟೋ ತೆಗೆದರು. ಭಾರ್ಗವಿಯೂ ಪಕ್ಕದಲ್ಲಿ ನಿಂತು ನಕ್ಕಳು. ಸಂಜೆಯೊಳಗೆ ಆ ಫೋಟೋ, 'ಶೇಕಡಾ ನೂರು ಗುಣಮುಖ' ಎಂಬ ತಲೆಬರಹದ ಕೆಳಗೆ, ಎರಡು ಜಿಲ್ಲೆಯ ವಾಟ್ಸಾಪ್ ಗ್ರೂಪುಗಳಲ್ಲೆಲ್ಲ ಓಡಾಡಿತು.

ಶುಕ್ರವಾರ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದರು. ಸೋಮಂದೇಪಲ್ಲಿ ದಾಟಿ, ಪೆನುಕೊಂಡದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಕಲ್ಯಾಣದುರ್ಗ ಸೇರುವಷ್ಟರಲ್ಲಿ ಹನ್ನೊಂದೂವರೆ. ದಾರಿಯುದ್ದಕ್ಕೂ ಮುನೆಪ್ಪ ತುಟಿ ಅಲುಗಿಸುತ್ತಿದ್ದ. ಶಿವಲಕ್ಷ್ಮಮ್ಮ ಅದನ್ನು ನೋಡಿ ಸಮಾಧಾನಪಟ್ಟುಕೊಂಡು, ಅವನ ಕೂದಲನ್ನು ಕೈಯಾರೆ ಕೆದರಿದಳು. ತಾಯಿಯ ಹಾಗೆ ಸಾಕಿದ ಕೈ, ಅಯ್ಯೋ ಶಿವನೇ, ಎಂಥ ಕೆಲಸಕ್ಕೆ ಬಂತು.

ಕ್ಯಾಂಪು ನಡೆಯುತ್ತಿದ್ದುದು ಒಂದು ಕಲ್ಯಾಣ ಮಂಟಪದಲ್ಲಿ. ಹಿಂದಿನ ದಿನದ ಮದುವೆಯ ಸಿಂಹಾಸನಗಳು ವೇದಿಕೆಯ ಮೇಲೆ ಹಾಗೇ ಇದ್ದವು. ಕೆಳಗೆ ಸಾಲಾಗಿ ಮೇಜುಗಳು: ಕಾಲಿನದು, ಕಣ್ಣಿನದು, ಕಿವಿಯದು, ಕಟ್ಟಕಡೆಗೆ ತಲೆಯದು. ಕಾಲು ಕಣ್ಣಿನವರ ಸಾಲಿನಲ್ಲಿ ಜನ ಸುಮ್ಮನೆ ಕೂತಿದ್ದರು. ತಲೆಯ ಸಾಲಿನಲ್ಲಿ ಮಾತ್ರ ಒಂದು ಉತ್ಸಾಹ. ಎಲ್ಲರ ಗಡ್ಡವೂ ಬೆಳೆದಿತ್ತು, ಎಲ್ಲರ ಅಂಗಿಯ ಗುಂಡಿಯೂ ತಪ್ಪಿತ್ತು. ಒಬ್ಬ ತಂದೆಯಂತೂ ಮಗನಿಗೆ, "ನಗ್ಲಾ, ಸುಮ್ ಸುಮ್ನೆ ನಗ್ಲಾ," ಎಂದು ಪಿಸುಗುಟ್ಟಿ ತಿವಿಯುತ್ತಿದ್ದ. ಈಶ್ವರನ ಜೆರಾಕ್ಸ್ ಅಂಗಡಿಯ ಪಾಠ ಚೆನ್ನಾಗಿಯೇ ನಡೆದಿತ್ತು.

ಮೇಜಿನ ಹಿಂದೆ ಡಾಕ್ಟರ್ ಶೋಭಾರಾಣಿ. ಮಡಕಶಿರದ ಕಡೆಯವರು, ಐವತ್ತು ದಾಟಿದವರು, ಬೆಳಗಿನಿಂದ ಅರವತ್ತು ಗಡ್ಡ ನೋಡಿ ಸುಸ್ತಾಗಿದ್ದವರು. ತೆಲುಗಿನಲ್ಲಿ ಹೆಸರು ಕೇಳುತ್ತ ಶುರುಮಾಡಿದರು.

"ಏಮಯ್ಯಾ, ನೀ ಪೇರೇಮಿ?"

ಮುನೆಪ್ಪ ಎದ್ದು ನಿಂತ. ಮೈ ಸೆಟೆದುಕೊಂಡಿತು. ಭಾರ್ಗವಿಗೆ ಏನಾಗಲಿದೆ ಎಂದು ಹೊಳೆಯುವಷ್ಟರಲ್ಲಿ ಕಾಲ ಮಿಂಚಿತ್ತು.

"ನನ್ನ ಹೆಸರು ಮುನೆಪ್ಪ. ಮೊದಲು ನಾನು ಕತ್ತಲೆಯಲ್ಲಿದ್ದೆ. ಈಗ ನನ್ನ ಬಾಳು ನನ್ನ ಕೈಯಲ್ಲಿದೆ. ನನಗೆ ಯಾವ ಧ್ವನಿಯೂ ಕೇಳಿಸುವುದಿಲ್ಲ."

ಒಂದಕ್ಷರ ತಪ್ಪಲಿಲ್ಲ. ನಿನ್ನೆಗಿಂತ ಚೆನ್ನಾಗಿಯೇ ಹೇಳಿದ. ಶಿವಲಕ್ಷ್ಮಮ್ಮ ಹಣೆ ಚಚ್ಚಿಕೊಂಡು, "ಅಯ್ಯೋ ನನ್ ಕರ್ಮವೇ! ಅದು ನೆನ್ನೇದು ಕಣ್ಲಾ!" ಎಂದಳು.

ಶೋಭಾರಾಣಿಯವರು ಕನ್ನಡಕ ತೆಗೆದರು. ಸಿಟ್ಟು ಬಂದಾಗ ಅವರಿಗೆ ತಾಯ್ನುಡಿ ಕನ್ನಡವೇ ಬರುತ್ತಿತ್ತು. "ಓಹೋ, ನೀನೇನಪ್ಪಾ ಆ ಶಾಲಿನವನು?" ಎಂದು ಮೇಜಿನ ಮೇಲಿದ್ದ ಫೋನು ತೆಗೆದು ತೋರಿಸಿದರು. ಅಲ್ಲಿ ಮುನೆಪ್ಪ, ಪಕ್ಕದಲ್ಲಿ ನಗುತ್ತಿರುವ ಭಾರ್ಗವಿ, ಮೇಲೆ ಶೇಕಡಾ ನೂರು. "ಗುಣ ಶೇಕಡಾ ನೂರು ಅಂದ್ರೆ ಕಾಯಿಲೆ ಶೇಕಡಾ ಸೊನ್ನೆ. ಇಷ್ಟು ಲೆಕ್ಕ ನನಗೂ ಬರುತ್ತಮ್ಮ. ನೀವೇ ಬರೆದಿರೋದು. ಈಗ ನಲವತ್ತು ಹಾಕಿ ಅಂತ ನೀವೇ ಕರ್ಕೊಂಡು ಬಂದಿದ್ದೀರಿ. ಇದರಲ್ಲಿ ಯಾವುದು ಸುಳ್ಳು?"

"ಮೇಡಂ, ಮಾತ್ರೆ ತಗೊಂಡ್ರೆ ಚೆನ್ನಾಗಿರ್ತಾನೆ…"

"ಚೆನ್ನಾಗಿದ್ದರೆ ಯಾಕೆ ಬಂದ್ರಿ?"

"ಮಾತ್ರೆ ನಿಲ್ಲಿಸಿದಾರೆ ಮೇಡಂ."

"ಯಾಕೆ ನಿಲ್ಸಿದ್ರು?"

"ಚೆನ್ನಾಗಿದ್ರೆ ನೀವು ಸರ್ಟಿಫಿಕೇಟ್ ಕೊಡಲ್ಲ ಅಂತ."

ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಎಲ್ಲರೂ ಕೇಳಿದ್ದೇವೆ. ಅದು ಒಂದು ಕಲ್ಯಾಣ ಮಂಟಪದಲ್ಲಿ, ಸರ್ಕಾರಿ ಮೇಜಿನ ಮುಂದೆ, ಇಷ್ಟು ಅಚ್ಚುಕಟ್ಟಾಗಿ ನಡೆದದ್ದು ಅದೇ ಮೊದಲಿರಬೇಕು. ಶೋಭಾರಾಣಿಯವರು ಫೈಲನ್ನು ಬದಿಗೆ ಸರಿಸಿದರು. "ನಾನು ಕಾಗದ ನೋಡಿ ಬರೆಯೋಳು. ಕಾಗದ ವಾಸಿ ಅಂತಿದೆ, ರೋಗಿಯೂ ವಾಸಿ ಅಂತಾನೆ. ಹದಿನೈದು ನಿಮಿಷ ಟೈಮ್ ಕೊಡ್ತೀನಿ. ಬೇರೆ ಏನಾದರೂ ಇದ್ದರೆ ತನ್ನಿ. ಇಲ್ಲದಿದ್ದರೆ ಸೊನ್ನೆ ಹಾಕಿ ಕಳಿಸ್ತೀನಿ. ಸೊನ್ನೆ ಒಂದ್ಸಲ ಕಂಪ್ಯೂಟರಿಗೆ ಹೋಯ್ತು ಅಂದ್ರೆ ಮತ್ತೆ ಇವನ ಸರದಿ ಯಾವಾಗ ಬರುತ್ತೋ ನನಗೆ ಗೊತ್ತಿಲ್ಲ."

ಊಟದ ಹಾಲಿನ ಮೂಲೆಗೆ ಬಂದರು. ಶಿವಲಕ್ಷ್ಮಮ್ಮ ಕಲ್ಲುಬೆಂಚಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಭಾರ್ಗವಿಗೆ ಯಾರ ಮೇಲೆ ರೇಗಬೇಕೆಂದು ತಿಳಿಯದೆ, ಸುಲಭಕ್ಕೆ ಸಿಕ್ಕಿದವನ ಮೇಲೆ ರೇಗಿದಳು.

"ಏನು ಮುನೆಪ್ಪಣ್ಣಾ ನೀನು! ನಿನ್ನೆ ಸ್ಟೇಜ್ ಮೇಲೆ ನಿಂಗೆ ಏನೋ ಕೇಳಿಸ್ತು, ನಾನು ನೋಡಿದೆ. ನಿಜ ಹೇಳು, ಕೇಳಿಸುತ್ತೋ ಇಲ್ವೋ?"

"ಕೇಳ್ಸುತ್ತಮ್ಮ."

"ಮಾತ್ರೆ ಬಿಟ್ಟ ಮೇಲಾ?"

"ಇಲ್ಲಮ್ಮ, ಯಾವಾಗ್ಲೂ ಕೇಳ್ಸುತ್ತೆ. ಮಾತ್ರೆ ತಗಂಡ್ರೆ ದೂರದಾಗೆ ಇರ್ತೈತೆ, ಬುಟ್ರೆ ಹತ್ರಕ್ಕೆ ಬತ್ತೈತೆ. ಅಷ್ಟೇಯ."

"ಮೂರು ವರ್ಷದಿಂದ ಪ್ರತಿ ತಿಂಗಳೂ ಕೇಳಿದೀನಿ ನಿನ್ನ. ಒಂದು ಸಲಾನೂ ಹೇಳಲಿಲ್ವಲ್ಲ?"

ಮುನೆಪ್ಪ ತಪ್ಪು ಮಾಡಿದವನ ಹಾಗೆ ನೆಲ ನೋಡಿದ. "ನೀನು ಕೇಳಾದ್ರಾಗೇ ನಿನ್ ಪೆನ್ನು 'ಇಲ್ಲ' ಅನ್ನೋದ್ರ ಮ್ಯಾಲೆ ಇರ್ತಿತ್ತು ಕಣಮ್ಮ. ಬಿಸ್ಲಾಗೆ ಬಂದಿರ್ತೀಯ, ಇನ್ನೂ ಮನೆ ಸುತ್ತಾದು ಇರ್ತೈತೆ. ಯಾಕ್ ಸುಮ್ನೆ ಅಂತ ನಾನೂ ಇಲ್ಲ ಅಂತಿದ್ದೆ."

ಬಯ್ದಿದ್ದರೆ ತಡೆದುಕೊಳ್ಳಬಹುದಾಗಿತ್ತು. ಅವನ ದನಿಯಲ್ಲಿ ದೂರಿನ ಸುಳಿವೂ ಇರಲಿಲ್ಲ, ಅವಳ ಮೇಲಿನ ಮರುಕವೇ ಇತ್ತು. ಮೂವತ್ತಾರು ತಿಂಗಳು ಅವಳು ಇವನ ಯೋಗಕ್ಷೇಮ ನೋಡಿಕೊಂಡಳು ಎಂದು ವರದಿಗಳು ಹೇಳುತ್ತಿದ್ದವು. ಅಸಲಿಗೆ ಅವಳ ಕೆಲಸ ಬೇಗ ಮುಗಿಯಲಿ ಎಂದು ಅವಳ ಯೋಗಕ್ಷೇಮ ನೋಡಿಕೊಂಡವನು ಇವನು. ಅವಳಿಗೆ ಅಳು ಬಂತು, ಅತ್ತಳು ಕೂಡ, ಅಡುಗೆಯವರ ಎದುರಿಗೇ.

ಆಮೇಲೆ ಬ್ಯಾಗಿನಿಂದ ಒಂದು ಬಿಳಿ ಹಾಳೆ ತೆಗೆದು ಬರೆದಳು. ಮೂರು ವರ್ಷದಿಂದ ಈ ರೋಗಿಗೆ ಧ್ವನಿ ಕೇಳಿಸುತ್ತಲೇ ಇದೆ. ನಾನು ಸರಿಯಾಗಿ ವಿಚಾರಿಸದೆ 'ಇಲ್ಲ' ಎಂದು ಗುರುತು ಹಾಕುತ್ತ ಬಂದಿದ್ದೇನೆ. ನಿನ್ನೆ ಪ್ರಕಟವಾದ ವಿಷಯ ನಿಜವಲ್ಲ. ಮಾತ್ರೆ ನಿಲ್ಲಿಸಿದ್ದು ಗೊತ್ತಿದ್ದೂ ನಾನು ಡಾಕ್ಟರಿಗೆ ತಿಳಿಸಲಿಲ್ಲ. ಕೆಳಗೆ ಹೆಸರು, ಹುದ್ದೆ, ಸಹಿ. ಇಷ್ಟು ವರ್ಷದಲ್ಲಿ ಅವಳು ಯಾರೂ ಅಚ್ಚುಹಾಕಿಕೊಡದ ಕಾಗದದ ಮೇಲೆ ಬರೆದ ಮೊದಲ ವರದಿ ಅದು. ಬರೆಯುತ್ತಿರುವಾಗಲೇ ರೇಣು‌ಕಾಪ್ರಸಾದರ ಫೋನು ಬಂತು. ಎರಡನೆಯ ಔಟ್‌ಕಮ್ ಏನಾಯಿತೆಂದು ಕೇಳಲು ಇರಬೇಕು. ಎತ್ತಲಿಲ್ಲ.

ಶೋಭಾರಾಣಿಯವರು ಹಾಳೆಯನ್ನು ಎರಡು ಸಲ ಓದಿದರು.

"ಇದು ನನ್ನ ಫೈಲಿಗೆ ಸೇರುತ್ತೆ. ನಿಮ್ಮ ಆಫೀಸಿನವರು ಸುಮ್ಮನಿರ್ತಾರಾ?"

"ಗೊತ್ತಿಲ್ಲ ಮೇಡಂ."

ಡಾಕ್ಟರು ಶಿವಲಕ್ಷ್ಮಮ್ಮನ ಕಡೆ ತಿರುಗಿದರು. "ನೋಡಮ್ಮಾ, ಮಾತ್ರೆ ನುಂಗಿ ಚೆನ್ನಾಗಿರೋದೂ ಕಾಯಿಲೆಯೇ. ಸಕ್ಕರೆ ಕಾಯಿಲೆಯೋರು ಮಾತ್ರೆ ತಗೊಂಡು ಓಡಾಡಲ್ವಾ, ಹಾಗೆ. ಔಷಧಿ ಚೀಟಿ ನೋಡಿ, ಹಳೇ ಚರಿತ್ರೆ ನೋಡಿ ನಾನು ಬರೆಯಬಹುದು. ನಿಜ ಬರೆದಿರೋ ಕಾಗದ ಯಾರೂ ತರಲ್ಲ, ಗಡ್ಡ ಬೆಳೆಸಿಕೊಂಡು ಬರ್ತೀರಿ. ಈಗ ನನ್ನ ಮುಂದೆ ಮಾತ್ರೆ ನುಂಗಿಸು. ಆಮೇಲೆ ಮುಂದಿನ ಮಾತು."

ಶಿವಲಕ್ಷ್ಮಮ್ಮ ಸೊಂಟದ ಚೀಲಕ್ಕೆ ಕೈಹಾಕಿದಳು. ಮಾತ್ರೆಯ ಹಾಳೆ ಅಲ್ಲೇ ಇತ್ತು. ಕೊಡದೆ ಇದ್ದವಳು ಅದನ್ನು ಮನೆಯಲ್ಲಿ ಬಿಟ್ಟೂ ಬಂದಿರಲಿಲ್ಲ. ಮುನೆಪ್ಪ ನುಂಗಿ ನೀರು ಕುಡಿದ.

"ಈಗ ಹೇಳಪ್ಪಾ," ಎಂದರು ಶೋಭಾರಾಣಿಯವರು. "ಏನಂತದೆ ಅದು?"

ಮುನೆಪ್ಪ ಅಕ್ಕನ ಕಡೆ ನೋಡಿದ. "ಅಕ್ಕ ಆಚೆ ಹೋಗ್ಲಿ. ಆಮ್ಯಾಕೆ ಹೇಳ್ತೀನಿ."

"ನನ್ ಮುಂದೆ ಹೇಳ್ಬಾರ್ದಂತದ್ದು ಏನ್ಲಾ ಐತೆ?"

"ಬ್ಯಾಡ ಕಣಕ್ಕ."

"ಹೇಳ್ಲಾ. ಹನ್ನೆರಡು ವರ್ಷ ಸಾಕಿದೀನಿ, ನಂಗೆ ಗೊತ್ತಿಲ್ದಂಗೆ ಅದೇನು ಅಂತೀನಿ!"

ಮುನೆಪ್ಪ ಡಾಕ್ಟರ ಮೇಜಿನ ಅಂಚು ಹಿಡಿದುಕೊಂಡ. "ನಿಮ್ಮಕ್ಕ ಸತ್ತೋದ್ಲು, ಎದ್ದೋಗಿ ನೋಡು ಅಂತೈತೆ ಮೇಡಂ. ದಿನಾ ಅದೇಯ. ಮಾತ್ರೆ ತಗಂಡ್ರೆ ಒಂದ್ಸಲ ಅಂದು ಸುಮ್ಕಾಗ್ತೈತೆ, ಬುಟ್ರೆ ಬುಡ್ದಂಗೆ ಅಂತೈತೆ. ನೆನ್ನೆ ಮೈಕ್ ತಾವ ನಿಂತಾಗ್ಲೂ ಅಂತು. ಮನೆಯಾಗಾದ್ರೆ ಎದ್ದೋಗಿ ಅವಳ ಮೂಗಿನ ತಾವ ಕೈ ಮಡಗಿ ನೋಡ್ತೀನಿ. ಉಸ್ರಾಡ್ತಿದ್ರೆ ಬಂದು ಮನಿಕ್ಕಂತೀನಿ."

ಶಿವಲಕ್ಷ್ಮಮ್ಮ ವೇದಿಕೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಎಷ್ಟು ದಿನದಿಂದ್ಲಾ?"

"ನೀನು ಹಿಂದೂಪುರಕ್ಕೆ ಕರ್ಕಂಬಂದಾಗ್ಲಿಂದ."

"ಹಗಲೊತ್ತು ನಾನ್ ಯೋಚ್ನೆ ಮಾಡಾದ್ನೇ ಅದು ನಿಂಗೆ ಹೇಳ್ತಾ ಐತಲ್ಲೋ ಮುನೆಪ್ಪ," ಎಂದಳು ಶಿವಲಕ್ಷ್ಮಮ್ಮ.

ಶೋಭಾರಾಣಿಯವರು ಕಂಪ್ಯೂಟರಿನ ಕಡೆ ತಿರುಗಿ ಕೀಲಿಗಳನ್ನು ಒತ್ತಿದರು. ಎಷ್ಟು ಹಾಕಿದರು ಎಂದು ಭಾರ್ಗವಿ ಬಗ್ಗಿ ನೋಡಿದಳು: ಅರವತ್ತು. ಪಾಸು. ಅದಕ್ಕಾಗಿಯೇ ಹತ್ತು ದಿನದಿಂದ ತಮ್ಮನನ್ನು ಹಾಳುಮಾಡಿಕೊಂಡು ಬಂದಿದ್ದ ಶಿವಲಕ್ಷ್ಮಮ್ಮ ಮಾತ್ರ ಎಷ್ಟೆಂದು ಕೇಳಲೇ ಇಲ್ಲ. ಮುನೆಪ್ಪನನ್ನು ಕೈಹಿಡಿದು ಮೆಟ್ಟಿಲ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು, ಕೆದರಿದ್ದ ಅವನ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸವರಿದಳು.

"ಇನ್ಮ್ಯಾಕೆ ಮೂಗು ಗೀಗು ಮುಟ್ಟಿ ನೋಡ್ಬ್ಯಾಡ ಕಣ್ಲಾ," ಎಂದಳು. "ಎಷ್ಟೊತ್ತಾದ್ರೂ ಸರಿ, ಎಬ್ಸು. ಬದ್ಕಿದ್ರೆ ಬೈಯ್ತೀನಿ."